ಬೀದಿಯ ಚಿತ್ರ, ಬೆನ್ನಿನ ಬರಹ

ಪ್ಯಾರಿಸ್ಸಿನಲ್ಲಿ ಯೂಜೀನ್ ಅಟ್ಜೆ ತಮ್ಮ ಮನೆಯ ಬಾಗಿಲಿಗೆ ಹಾಕಿದ್ದ ಫಲಕದಲ್ಲಿ ‘ಕಲಾವಿದರಿಗೆ ದಾಖಲೆಗಳು’ ಎಂದಷ್ಟೇ ಇತ್ತು. ನಟನಾಗಿ ಬದುಕು ಕಟ್ಟಿಕೊಳ್ಳಲು ನೋಡಿ, ಅದು ಕೈಗೂಡದೆ, ನಲವತ್ತರ ಹತ್ತಿರ ಅವರು ಹಳೆಯ ಪ್ಯಾರಿಸ್ಸಿನ ಬೀದಿಗಳ ಫೋಟೊ ತೆಗೆಯಲು ಇಳಿದರು. ಭಾರದ ಮರದ ಕ್ಯಾಮೆರಾ, ಅದರ ಮುಕ್ಕಾಲಿ, 18 ಸೆಂಟಿಮೀಟರಿಗೆ 24 ಸೆಂಟಿಮೀಟರ್ ಅಳತೆಯ ಗಾಜಿನ ಪ್ಲೇಟುಗಳು, ಇಷ್ಟನ್ನೂ ಹೊತ್ತುಕೊಂಡು ಓಣಿ ಓಣಿ ಅಲೆದರು. ಚಿಂದಿ ಆಯುವವರು, ಬುಟ್ಟಿ ಮಾರುವವರು, ಬೀದಿಯಲ್ಲಿ ವಾದ್ಯ ನುಡಿಸುವವರು, ಅಂಗಡಿಗಳ ಗಾಜಿನ ಕಿಟಕಿಗಳು, ಒಳ ಅಂಗಳಗಳು, ಸವೆದ ಮೆಟ್ಟಿಲುಗಳು ಅವರ ಪ್ಲೇಟುಗಳ ಮೇಲೆ ಉಳಿದವು. ಚಿತ್ರಕಾರರು, ರಂಗಸಜ್ಜಿಕೆಯವರು, ನಗರದ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯದವರು ಅವರ ಗಿರಾಕಿಗಳು. 1898ರ ಸುಮಾರಿಗೆ ಶುರುವಾದ ಈ ಕೆಲಸ 1927ರಲ್ಲಿ ಅವರು ತೀರಿಕೊಳ್ಳುವವರೆಗೆ ನಡೆಯಿತು.

ಅಟ್ಜೆಗೆ ಒಂದು ಶಿಸ್ತು ಇತ್ತು. ಪ್ರತಿ ಪ್ಲೇಟಿನ ಮೇಲೂ ನಂಬರು ಕೊರೆಯುತ್ತಿದ್ದರು. ಪ್ರಿಂಟಿನ ಹಿಂಬದಿಯಲ್ಲಿ ಅದೇ ನಂಬರನ್ನೂ ಜಾಗದ ಹೆಸರನ್ನೂ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು. ಯಾವ ಚಿತ್ರ ಯಾವ ಸರಣಿಗೆ ಸೇರಿದ್ದು ಎಂಬುದು ಆ ನಂಬರಿನಲ್ಲಿತ್ತು. ಅವರು ತೀರಿಕೊಂಡ ಮೇಲೆ ಅಮೆರಿಕದ ಯುವ ಛಾಯಾಗ್ರಾಹಕಿ ಬೆರೆನಿಸ್ ಅಬಾಟ್ ಉಳಿದಿದ್ದ ಸಾವಿರಾರು ಪ್ರಿಂಟುಗಳನ್ನೂ ಪ್ಲೇಟುಗಳನ್ನೂ ಕೊಂಡು ನ್ಯೂಯಾರ್ಕಿಗೆ ತಂದರು, ನಾಲ್ಕು ದಶಕ ಕಾಪಾಡಿದರು. 1968ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ, ಅಂದರೆ ಮೋಮಾ, ಅದನ್ನೆಲ್ಲ ಖರೀದಿಸಿತು. ಅಲ್ಲಿನ ಜಾನ್ ಜಾರ್ಕೊವ್‌ಸ್ಕಿ ಮತ್ತು ಮರಿಯಾ ಮಾರಿಸ್ ಹ್ಯಾಂಬರ್ಗ್ ಸಾವಿರಾರು ಪ್ರಿಂಟುಗಳನ್ನು ಮುಂದಿಟ್ಟುಕೊಂಡು, ನಂಬರುಗಳ ಜಾಡು ಹಿಡಿದು, ಯಾವುದು ಯಾವ ಕಾಲದ್ದು, ಯಾವ ಉದ್ದೇಶದ್ದು ಎಂದು ಬಿಡಿಸಿದರು. 1981ರಿಂದ 1985ರವರೆಗೆ ನಾಲ್ಕು ಸಂಪುಟಗಳು ಬಂದವು. ಅಟ್ಜೆ ಇಂದು ನಮಗೆ ಒಬ್ಬ ದೊಡ್ಡ ಕಲಾವಿದನಾಗಿ ಅರ್ಥವಾಗುತ್ತಿದ್ದರೆ ಅದಕ್ಕೆ ಪ್ರಿಂಟಿನ ಮುಂಬದಿ ಎಷ್ಟು ಕಾರಣವೋ ಹಿಂಬದಿಯೂ ಅಷ್ಟೇ ಕಾರಣ.

ಹಳೆಯ ಕಪ್ಪು-ಬಿಳುಪು ಬೀದಿಚಿತ್ರಗಳನ್ನು ಸಂಗ್ರಹಿಸುವ ಹವ್ಯಾಸ ಈಗ ಜಗತ್ತಿನ ಎಲ್ಲ ದೊಡ್ಡ ನಗರಗಳಲ್ಲೂ ಇದೆ, ನಮ್ಮಲ್ಲೂ ಹಬ್ಬುತ್ತಿದೆ. ಆ ಹವ್ಯಾಸದ ಬಗ್ಗೆ ನನಗೆ ಗೌರವವಿದೆ, ಒಂದು ತಕರಾರೂ ಇದೆ. ಬೀದಿಯ ಫೋಟೊ ಮೊದಲು ಸಾಕ್ಷಿ, ಆಮೇಲೆ ಅಲಂಕಾರ. ಯಾರು ತೆಗೆದದ್ದು, ಎಲ್ಲಿ, ಯಾವಾಗ, ಯಾವ ಚಿತ್ರದ ಜೊತೆಯಲ್ಲಿ ಎಂಬ ವಿವರವನ್ನು ಕಳಚಿಟ್ಟು ಬರಿಯ ಚೆಲುವನ್ನು ಗೋಡೆಗೇರಿಸುವ ಸಂಗ್ರಹ ಆ ನಗರಕ್ಕೆ ನಷ್ಟ ಉಂಟುಮಾಡುತ್ತದೆ. ಚಿತ್ರವನ್ನು ಉಳಿಸಿದವರು ಅದರ ವಿವರವನ್ನೂ ಉಳಿಸಬೇಕು. ಅದು ಆಗದಿದ್ದರೆ ಉಳಿಸುವ ಕೆಲಸ ಅರ್ಧಕ್ಕೇ ನಿಂತಂತೆ.

ಈ ಮಾತಿಗೆ ಅತ್ಯಂತ ಗಟ್ಟಿಯಾದ ಆಧಾರ ಅಮೆರಿಕದ ಲೂಯಿಸ್ ಹೈನ್ ಅವರ ಕೆಲಸದಲ್ಲಿದೆ. 1908ರಿಂದ ಅವರು ಅಮೆರಿಕದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಊರೂರು ತಿರುಗಿ ದುಡಿಯುವ ಮಕ್ಕಳ ಫೋಟೊ ತೆಗೆದರು. ಗಿರಣಿ, ಗಣಿಗಳ ಜೊತೆಗೆ ನಗರದ ಬೀದಿಗಳಲ್ಲಿ ಪತ್ರಿಕೆ ಮಾರುವ, ಬೂಟ್ ಪಾಲಿಶ್ ಮಾಡುವ, ಸಂದೇಶ ತಲುಪಿಸುವ ಹುಡುಗರೂ ಅದರಲ್ಲಿದ್ದರು. ಮಗುವಿನ ಹೆಸರು, ವಯಸ್ಸು, ಎಷ್ಟು ಹೊತ್ತಿನಿಂದ ಕೆಲಸ, ಎಷ್ಟು ಕೂಲಿ, ಯಾವ ಬೀದಿ, ರಾತ್ರಿ ಎಷ್ಟು ಗಂಟೆ ಎಂಬುದನ್ನೆಲ್ಲ ವಿಚಾರಿಸಿ ಬರೆದಿಡುತ್ತಿದ್ದರು. ಆ ಸಮಿತಿ 1954ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕೊಟ್ಟ ಸಂಗ್ರಹದಲ್ಲಿ 5,000ಕ್ಕೂ ಹೆಚ್ಚು ಪ್ರಿಂಟುಗಳಿವೆ, ಅವುಗಳ ಜೊತೆ ಈ ಟಿಪ್ಪಣಿಗಳಿವೆ. ಕಂಕುಳಲ್ಲಿ ಪತ್ರಿಕೆಗಳ ಕಟ್ಟು, ತಲೆಯ ಮೇಲೆ ದೊಡ್ಡವರ ಟೋಪಿ, ಮುಖದಲ್ಲಿ ತುಂಟ ನಗೆ ಹೊತ್ತ ಹುಡುಗನ ಚಿತ್ರವನ್ನು ಟಿಪ್ಪಣಿಯಿಲ್ಲದೆ ನೋಡಿದರೆ ಮುದ್ದು ಬರುತ್ತದೆ. ಆ ಮಗು ನಡುರಾತ್ರಿಯಲ್ಲಿ ಬೀದಿಯಲ್ಲಿತ್ತು ಎಂದು ಓದಿದ ಕೂಡಲೇ ಮುದ್ದು ಮಾಯವಾಗುತ್ತದೆ. ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಜನಾಭಿಪ್ರಾಯ ರೂಪಿಸಲು ಬೇಕಾದದ್ದು ಆ ಎರಡನೆಯ ನೋಟ. ಬೆಳ್ಳಿಯ ಲವಣಗಳು ಮುಖವನ್ನು ಹಿಡಿದಿಟ್ಟವು. ವಯಸ್ಸು, ಗಂಟೆ, ಕೂಲಿಗಳನ್ನು ಹಿಡಿದಿಟ್ಟದ್ದು ಹೈನ್ ಅವರ ಪೆನ್ಸಿಲ್ಲು.

ಸಂಗ್ರಹದ ಮಾರುಕಟ್ಟೆ ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಬೇಕು. ಅಲ್ಲಿ ‘ವಿಂಟೇಜ್ ಪ್ರಿಂಟ್’ ಎಂದರೆ ಫೋಟೊ ತೆಗೆದ ಕಾಲಕ್ಕೆ ಹತ್ತಿರದಲ್ಲೇ, ಛಾಯಾಗ್ರಾಹಕರ ಕೈಯಿಂದ ಅಥವಾ ಅವರ ಕಣ್ಣೆದುರು, ಮುದ್ರಿಸಿದ ಪ್ರತಿ. ಅದೇ ನೆಗೆಟಿವಿನಿಂದ ಮೂವತ್ತು ವರ್ಷ ಕಳೆದು ಮಾಡಿದ ಪ್ರಿಂಟು ಕಣ್ಣಿಗೆ ಇನ್ನೂ ಚೊಕ್ಕಟವಾಗಿ ಕಂಡರೂ ಬೆಲೆ ಬಹಳ ಕಡಿಮೆ. ಇದು ಬರಿಯ ಶ್ರೀಮಂತರ ಚಪಲವೆಂದು ತಳ್ಳಿಹಾಕಬೇಕಿಲ್ಲ. ಅಟ್ಜೆ ತಮ್ಮ ಪ್ಲೇಟುಗಳನ್ನು ಬಿಸಿಲಿನಲ್ಲಿಟ್ಟು, ನೆಗೆಟಿವಿನಷ್ಟೇ ಅಳತೆಯ ಕಾಗದದ ಮೇಲೆ ಪ್ರಿಂಟು ಪಡೆಯುತ್ತಿದ್ದರು. ಅವುಗಳ ಬಣ್ಣ ಕಂದು ಬೆರೆತದ್ದು, ಬೆಳಕಿನ ಕಡೆ ಮೃದು. ಮುಂದೆ ಅಬಾಟ್ ಅದೇ ಪ್ಲೇಟುಗಳಿಂದ ಡಾರ್ಕ್‌ರೂಮಿನಲ್ಲಿ ಮಾಡಿದ ಪ್ರಿಂಟುಗಳಲ್ಲಿ ಕಪ್ಪು ಇನ್ನೂ ತಣ್ಣಗೆ, ಗೆರೆ ಇನ್ನೂ ಚೂಪು. ಪ್ಲೇಟು ಒಂದೇ ಆದರೂ ಬೀದಿ ಎರಡು ರೀತಿ ಕಾಣುತ್ತದೆ. ತೆಗೆದವರ ಕಣ್ಣಿಗೆ ಆ ಬೀದಿ ಹೇಗೆ ಕಂಡಿತ್ತು ಎಂದು ತಿಳಿಯಬೇಕಾದರೆ ಅವರೇ ಮಾಡಿದ ಪ್ರಿಂಟು ಬೇಕು. ಹೀಗಾಗಿ ಮೂಲ ಪ್ರತಿಯ ಹಂಬಲಕ್ಕೆ ಅರ್ಥವಿದೆ.

ಆದರೆ ಬೆಲೆ ಇದ್ದಲ್ಲಿ ಮೋಸವೂ ಬರುತ್ತದೆ. ಹೈನ್ 1940ರಲ್ಲಿ ಬಡತನದಲ್ಲಿ ತೀರಿಕೊಂಡರು. 1990ರ ದಶಕದ ಹೊತ್ತಿಗೆ ಅವರ ಪ್ರಿಂಟುಗಳಿಗೆ ದೊಡ್ಡ ಬೆಲೆ ಬಂದಿತ್ತು. ಅವರೇ ಮಾಡಿದ್ದೆಂದು ಮಾರಾಟವಾಗಿದ್ದ ಹಲವು ಪ್ರಿಂಟುಗಳ ಮೇಲೆ ಆ ದಶಕದ ಕೊನೆಯಲ್ಲಿ ಅನುಮಾನ ಎದ್ದಿತು. ಪರೀಕ್ಷೆ ಸರಳವಾಗಿತ್ತು. 1950ರ ದಶಕದಿಂದ ಈಚೆಗೆ ಫೋಟೊ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸುವುದು ರೂಢಿಯಾಯಿತು, ಅಂಥ ಕಾಗದ ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಹೈನ್ ಮೊಹರು ಹೊತ್ತ ಪ್ರಿಂಟುಗಳು ಹಾಗೆ ಹೊಳೆದವು, ಎಂದರೆ ಅವರು ಸತ್ತ ಎಷ್ಟೋ ವರ್ಷಗಳ ಮೇಲೆ ತಯಾರಾದ ಕಾಗದದ ಮೇಲಿದ್ದವು. ವಿವಾದ ಪರಿಹಾರದ ಒಪ್ಪಂದಗಳಲ್ಲಿ ಮುಗಿಯಿತು. ಕಾಗದ, ಮೊಹರು, ಕೈಬರಹಗಳನ್ನು ಬರಿಯ ಬೆಲೆ ಏರಿಸುವ ಗುರುತುಗಳಾಗಿ ಕಂಡರೆ ಅವನ್ನು ನಕಲು ಮಾಡುವವರು ಹುಟ್ಟಿಕೊಳ್ಳುತ್ತಾರೆ. ಅವನ್ನು ಓದಬೇಕಾದ ಬರಹವಾಗಿ ಕಂಡವರು ಮಾತ್ರ ನಕಲನ್ನು ಹಿಡಿಯುತ್ತಾರೆ.

ಮಾರುಕಟ್ಟೆ ಇನ್ನೊಂದು ಹಾನಿ ಮಾಡುತ್ತದೆ, ಅದು ಒಡೆಯುವ ಹಾನಿ. ಒಂದು ಆಲ್ಬಮ್ಮಿನಲ್ಲಿ ಐವತ್ತು ಚಿತ್ರಗಳಿದ್ದರೆ ಐದು ಚೆಂದದವಕ್ಕೆ ಗಿರಾಕಿ ಇರುತ್ತಾರೆ. ಮಾರುವವರು ಪುಟ ಕತ್ತರಿಸಿ ಬಿಡಿ ಬಿಡಿಯಾಗಿ ಮಾರಿದರೆ ಹೆಚ್ಚು ದುಡ್ಡು. ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆಯುತ್ತಾ ತೆಗೆದ ಸಾಲು ಅಲ್ಲಿಗೆ ಹರಿದುಹೋಗುತ್ತದೆ. ಮಸುಕಾದ, ಓರೆಯಾದ, ಯಾರಿಗೂ ಬೇಡವಾದ ಚಿತ್ರದಲ್ಲೇ ಆ ಬೀದಿಯ ಹೆಸರು ಹೇಳುವ ಬೋರ್ಡು ಇದ್ದಿರಬಹುದು. ಪಾಶ್ಚಾತ್ಯ ಪತ್ರಿಕಾಲಯಗಳು ಹಳೆಯ ಫೋಟೊಗಳ ಕಪಾಟುಗಳನ್ನು ಖಾಲಿ ಮಾಡಿದಾಗ ಹೊರಬಿದ್ದ ಪ್ರಿಂಟುಗಳ ಹಿಂಬದಿಯಲ್ಲಿ ಪ್ರಕಟವಾದ ದಿನದ ಮೊಹರು, ಅಂಟಿಸಿದ ಅಡಿಬರಹ, ಉಪಸಂಪಾದಕರ ಗುರುತುಗಳು ಇರುತ್ತವೆ. ಚೌಕಟ್ಟು ಹಾಕುವಾಗ ಆ ಹಿಂಬದಿಗೆ ರಟ್ಟು ಅಂಟಿಸಿದರೆ ಚಿತ್ರದ ಅರ್ಧ ಆಯುಷ್ಯ ಅಲ್ಲೇ ಹೂತುಹೋಯಿತು.

ವಿವಿಯನ್ ಮೇಯರ್ ಅವರ ಪ್ರಸಂಗದಲ್ಲಿ ಈ ಎಲ್ಲ ಪ್ರಶ್ನೆಗಳೂ ಒಟ್ಟಿಗೆ ಸಿಗುತ್ತವೆ. 1926ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈಕೆ ಶಿಕಾಗೊದ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾ, ಕೊರಳಿಗೆ ರೋಲಿಫ್ಲೆಕ್ಸ್ ಕ್ಯಾಮೆರಾ ತೂಗಿಕೊಂಡು ದಶಕಗಟ್ಟಲೆ ಬೀದಿಯ ಚಿತ್ರ ತೆಗೆದರು. ಯಾರಿಗೂ ತೋರಿಸಲಿಲ್ಲ, ಬಹುಪಾಲನ್ನು ಪ್ರಿಂಟು ಕೂಡ ಮಾಡಿಸಲಿಲ್ಲ. ತೊಳೆಯದೆ ಬಿಟ್ಟ ರೋಲುಗಳೇ ರಾಶಿ ಇದ್ದವು. ಸಾಮಾನು ಇಡಲು ಹಿಡಿದಿದ್ದ ಕೋಣೆಯ ಬಾಡಿಗೆ ಬಾಕಿಯಾಗಿ 2007ರಲ್ಲಿ ಅದೆಲ್ಲ ಹರಾಜಿಗೆ ಬಂತು, ಬೇರೆ ಬೇರೆಯವರ ಪಾಲಾಯಿತು. ಶಿಕಾಗೊದ ತಮ್ಮ ಬಡಾವಣೆಯ ಇತಿಹಾಸದ ಪುಸ್ತಕಕ್ಕೆ ಹಳೆಯ ಚಿತ್ರ ಹುಡುಕುತ್ತಿದ್ದ ಜಾನ್ ಮಲೂಫ್ ದೊಡ್ಡ ಪೆಟ್ಟಿಗೆಯೊಂದನ್ನು ಕೊಂಡರು. ತಮಗೆ ಬೇಕಾದದ್ದು ಅದರಲ್ಲಿ ಸಿಗದಿದ್ದರೂ ಚಿತ್ರಗಳ ಬಲ ಅವರಿಗೆ ನಿಧಾನವಾಗಿ ತಿಳಿಯಿತು. ಇತರರ ಕೈಯಲ್ಲಿದ್ದುದನ್ನೂ ಹುಡುಕಿ ಕೊಂಡು ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಒಟ್ಟುಗೂಡಿಸಿದರು. ತೆಗೆದವರು ಯಾರೆಂದು ಹುಡುಕಿದಾಗ ಸಿಕ್ಕಿದ್ದು 2009ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳ ಹಿಂದೆ ಬಂದಿದ್ದ ಆಕೆಯ ಮರಣವಾರ್ತೆ.

ಮಲೂಫ್ ಮತ್ತಿತರ ಸಂಗ್ರಹಕಾರರು ಇಲ್ಲದಿದ್ದರೆ ಮೇಯರ್ ಎಂಬ ಹೆಸರನ್ನೇ ನಾವು ಕೇಳುತ್ತಿರಲಿಲ್ಲ. ಆ ಋಣವನ್ನು ಒಪ್ಪಲೇಬೇಕು. ಆದರೂ ಜಗತ್ತು ನೋಡುತ್ತಿರುವ ಮೇಯರ್ ಅವರ ಹೆಚ್ಚಿನ ಚಿತ್ರಗಳನ್ನು ಆರಿಸಿದ್ದು ಬೇರೆಯವರು, ಎಷ್ಟು ಕಪ್ಪು, ಎಷ್ಟು ಬೆಳಕು ಎಂದು ತೀರ್ಮಾನಿಸಿದ್ದು ಬೇರೆಯವರು. ಕೃತಿಸ್ವಾಮ್ಯದ ಪ್ರಶ್ನೆಯೂ 2014ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ನೆಗೆಟಿವ್ ಕೊಂಡ ಮಾತ್ರಕ್ಕೆ ಚಿತ್ರದ ಹಕ್ಕು ಬರುವುದಿಲ್ಲ, ಅದು ಮೃತರ ವಾರಸುದಾರಿಕೆಗೆ ಸೇರಿದ್ದು ಎಂಬ ವಾದದಿಂದ ಎಷ್ಟೋ ಕಾಲ ಪ್ರದರ್ಶನಗಳ ಮೇಲೆ ಅನಿಶ್ಚಿತತೆ ಕವಿದಿತ್ತು. ಈ ಕಥೆಯಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವ ಘಟ್ಟ ಅಷ್ಟು ಸುದ್ದಿಯಾಗದ್ದು. ಆಕೆಯ ಜೀವಿತಕಾಲದಲ್ಲೇ ಆದ ಸುಮಾರು 500 ಪ್ರಿಂಟುಗಳನ್ನು ಮಲೂಫ್ 2017ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟರು. ಆಕೆ ತಮಗಾಗಿ ಯಾವುದನ್ನು ಆರಿಸಿಕೊಂಡಿದ್ದರು, ಹೇಗೆ ಅಂಚು ಕತ್ತರಿಸಿದ್ದರು ಎಂಬುದನ್ನು ಸಂಶೋಧಕರು ಈಗ ಕೈಯಲ್ಲಿ ಹಿಡಿದು ನೋಡಬಹುದು. ಖಾಸಗಿ ಪ್ರೀತಿ ಸಾರ್ವಜನಿಕ ತಿಳಿವಾಗಿ ಮಾರ್ಪಡುವುದು ಇಂಥ ಹೆಜ್ಜೆಯಿಂದ.

‘ಇಷ್ಟೆಲ್ಲ ಷರತ್ತು ಹಾಕಿದರೆ ಸಂಗ್ರಹಿಸುವ ಉತ್ಸಾಹವೇ ಬತ್ತಿಹೋಗುತ್ತದೆ, ಸಂತೋಷಕ್ಕಾಗಿ ಕೊಂಡವರನ್ನು ಇತಿಹಾಸಕಾರರಾಗಿರಿ ಎಂದು ಒತ್ತಾಯಿಸಬಹುದೆ?’ ಎಂಬ ಪ್ರಶ್ನೆ ಸಹಜ. ಇದರಲ್ಲಿ ನಿಜವಿದೆ. ಹೆಚ್ಚಿನವರು ಕಣ್ಣೆತ್ತಿ ನೋಡದ ಕಾಲದಲ್ಲಿ ಅಬಾಟ್‌ರಂಥವರು ಸಾಲ ಸೋಲ ಮಾಡಿ ಉಳಿಸಿದರು. ನಮ್ಮ ದೇಶದಲ್ಲೂ ಇಬ್ರಾಹಿಂ ಅಲ್ಕಾಜಿ ಅವರ ಖಾಸಗಿ ಆಸ್ಥೆಯಿಂದ ಬೆಳೆದ ದೆಹಲಿಯ ಅಲ್ಕಾಜಿ ಸಂಗ್ರಹ ಇಂದು ಭಾರತದ ಛಾಯಾಚಿತ್ರ ಚರಿತ್ರೆಗೆ ಆಧಾರ. ಚೆಲುವಿನ ಸೆಳೆತವೇ ಮೊದಲು ಕೈ ಹಿಡಿದು ಕರೆತರುವುದು, ಅದನ್ನು ಕೀಳಾಗಿ ಕಾಣುವುದು ಸಲ್ಲದು. ಆದರೆ ವಿವರ ಉಳಿಸಲು ಇತಿಹಾಸಕಾರರೇ ಆಗಬೇಕಿಲ್ಲ. ಹಿಂಬದಿಯನ್ನು ಮುಚ್ಚದಿರುವುದು, ಮಾರಿದವರನ್ನು ಎರಡು ಪ್ರಶ್ನೆ ಕೇಳುವುದು, ಉತ್ತರವನ್ನು ಬರೆದಿಡುವುದು ಎಲ್ಲರಿಗೂ ಸಾಧ್ಯ. ಸಂತೋಷ ಇದರಿಂದ ಕುಂದುವುದಿಲ್ಲ, ಬೀದಿಯ ಹೆಸರು ತಿಳಿದ ಮೇಲೆ ಅದೇ ಚಿತ್ರವನ್ನು ಇನ್ನಷ್ಟು ಹೊತ್ತು ನೋಡುತ್ತೇವೆ.

ನಮ್ಮ ಊರುಗಳ ವಿಷಯಕ್ಕೆ ಬಂದರೆ ಈ ಮಾತು ಇನ್ನೂ ತುರ್ತಿನದು. ‘ಹಳೇ ಬೆಂಗಳೂರು’, ‘ಹಳೇ ಮೈಸೂರು’ ಎಂಬ ತಲೆಬರಹ ಹೊತ್ತ ಕಪ್ಪು-ಬಿಳುಪು ಚಿತ್ರಗಳು ದಿನವೂ ನಮ್ಮ ಮೊಬೈಲುಗಳಿಗೆ ಬಂದು ಬೀಳುತ್ತವೆ. ಇಸವಿಯಿಲ್ಲ, ತೆಗೆದವರ ಹೆಸರಿಲ್ಲ, ಕೆಲವೊಮ್ಮೆ ಊರೇ ಬೇರೆ. ಖಾಲಿ ರಸ್ತೆ, ಮರದ ಸಾಲು, ಒಂದು ಜಟಕಾ ಬಂಡಿ ಕಂಡ ಕೂಡಲೇ ‘ಆಗ ಎಷ್ಟು ಚೆನ್ನಾಗಿತ್ತು’ ಎಂಬ ನಿಟ್ಟುಸಿರು. ಬಣ್ಣ ಇಲ್ಲದ ಚಿತ್ರಕ್ಕೆ ಎಲ್ಲವನ್ನೂ ಶಾಂತವಾಗಿಸುವ ಗುಣವಿದೆ, ಅದು ಧೂಳನ್ನೂ ಬೆವರನ್ನೂ ಮರೆಮಾಡುತ್ತದೆ. ಅದೇ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಮೂಟೆಯ ಭಾರಕ್ಕೆ ಬಾಗಿದ ಹಮಾಲಿಯ ಬೆನ್ನು, ಬರಿಗಾಲಿನ ಮಗು, ಬೀದಿಯಲ್ಲಿ ಹೆಂಗಸರು ಎಷ್ಟು ಕಡಿಮೆ ಎಂಬ ಸಂಗತಿ ಕಾಣುತ್ತವೆ. ಇಸವಿ ತಿಳಿದರೆ ಆ ಬೆನ್ನು ಯಾವ ಕಾಲದ, ಯಾವ ಆಳ್ವಿಕೆಯ ಭಾರ ಹೊತ್ತಿತ್ತು ಎಂದು ಕೇಳಬಹುದು. ಇಸವಿ ಇಲ್ಲದಿದ್ದರೆ ನಿಟ್ಟುಸಿರು ಬಿಡುವುದಷ್ಟೇ ಉಳಿಯುತ್ತದೆ.

ಈಗ ಈ ಗೊಂದಲಕ್ಕೆ ಇನ್ನೆರಡು ಕಾರಣಗಳು ಸೇರಿವೆ. ಹಳೆಯ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುವುದು ಒಂದು. ಅದರಲ್ಲಿ ಕಾಣುವ ಸೀರೆಯ ಬಣ್ಣ ಯಾರೂ ನೋಡಿ ತುಂಬಿದ್ದಲ್ಲ, ಯಂತ್ರದ ಊಹೆ. ನಾಲ್ಕು ಬಾರಿ ಹಂಚಿಕೆಯಾದ ಮೇಲೆ ಆ ಊಹೆಯೇ ಸತ್ಯವಾಗಿ ಕೂರುತ್ತದೆ. ಕೃತಕ ಬುದ್ಧಿಮತ್ತೆ ಹೊಸದಾಗಿ ಸೃಷ್ಟಿಸುವ ‘ಹಳೆಯ’ ಚಿತ್ರಗಳು ಇನ್ನೊಂದು. ಎಂದೂ ಇಲ್ಲದಿದ್ದ ಬೀದಿಯಲ್ಲಿ ಎಂದೂ ಹುಟ್ಟದಿದ್ದವರು ನಡೆಯುತ್ತಾರೆ, ಕಾಗದದ ಕಲೆಯನ್ನೂ ಅಂಚಿನ ಬಿರುಕನ್ನೂ ಯಂತ್ರವೇ ಕೊಡುತ್ತದೆ. ಕಣ್ಣನ್ನೊಂದೇ ನಂಬಿ ನಿಜ ಸುಳ್ಳು ಬೇರ್ಪಡಿಸುವ ಕಾಲ ಮುಗಿಯುತ್ತಿದೆ. ಕೈಯಲ್ಲಿ ಹಿಡಿಯಬಹುದಾದ ಪ್ರಿಂಟು, ಅದರ ನೆಗೆಟಿವ್, ಅದು ಯಾರ ಮನೆಯಿಂದ ಯಾರ ಮನೆಗೆ ಬಂತು ಎಂಬ ಸರಪಳಿ ಇದ್ದರೆ ಮಾತ್ರ ನಾಳೆ ಒಂದು ಚಿತ್ರ ಸಾಕ್ಷಿ ಹೇಳಬಲ್ಲದು. ಸಂಗ್ರಹಕಾರರ ಜವಾಬ್ದಾರಿ ಹಿಂದೆಂದಿಗಿಂತ ಈಗ ದೊಡ್ಡದಾಗಿರುವುದು ಇದೇ ಕಾರಣಕ್ಕೆ.

ಇಂಥ ಸಾಕ್ಷಿ ಯಾವುದಕ್ಕೆ ಬೇಕು? ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯಿದ್ದ ಜಾಗದಲ್ಲಿ. ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು, ದಂಡೆಯಲ್ಲಿ ಯಾರು ಏನು ಮಾಡುತ್ತಿದ್ದರು, ಯಾವ ವರ್ಷದ ಹೊತ್ತಿಗೆ ಅಂಗಳ ಮೈದಾನವಾಗಿತ್ತು ಎಂಬುದಕ್ಕೆ ನಕ್ಷೆಗಳಷ್ಟೇ ಬೀದಿಯ ಫೋಟೊಗಳೂ ಆಧಾರ. ಎಂ.ಜಿ. ರಸ್ತೆಯ ಪ್ಲಾಜಾ ಚಿತ್ರಮಂದಿರ ಮೆಟ್ರೊಗೆ ಜಾಗ ಬಿಟ್ಟುಕೊಟ್ಟಿತು. ಅದರ ಮುಂದಿನ ಪೋಸ್ಟರಿನಲ್ಲಿರುವ ಸಿನಿಮಾದ ಹೆಸರು ಓದಿದರೆ ಚಿತ್ರದ ಕಾಲ ಹತ್ತಿರ ಹತ್ತಿರ ತಿಳಿಯುತ್ತದೆ. ವಾಹನದ ನಂಬರ್ ಪ್ಲೇಟ್ ಎಂವೈ ಎಂದು ಶುರುವಾಗಿದ್ದರೆ ಅದು ಹಳೆಯ ಪದ್ಧತಿಯ ನೋಂದಣಿ, ಕೆಎ ಎಂದಿದ್ದರೆ 1980ರ ದಶಕದ ಕೊನೆಯ ನಂತರದ್ದು. ಅಂಗಡಿಯ ಬೋರ್ಡಿನಲ್ಲಿ ಯಾವ ಯಾವ ಲಿಪಿ, ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಆ ಬೀದಿಯ ಜನಜೀವನದ ಲೆಕ್ಕ. ಹೀಗೆ ಓದುವ ಅಭ್ಯಾಸ ಇರುವವರ ಕೈಯಲ್ಲಿ ಸಾಧಾರಣ ಚಿತ್ರವೂ ಮಾತಾಡುತ್ತದೆ.

ನಮ್ಮವರೇ ಆದ ಟಿ.ಎಸ್. ಸತ್ಯನ್ ಅವರನ್ನು ಇಲ್ಲಿ ನೆನೆಯಬೇಕು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಪತ್ರಿಕಾ ಛಾಯಾಗ್ರಾಹಕರಾಗಿ ದೇಶ ಸುತ್ತಿ, 2009ರಲ್ಲಿ ತೀರಿಕೊಂಡ ಅವರು ಗಣ್ಯರ ಚಿತ್ರಗಳನ್ನು ತೆಗೆದರೂ ಮನಸ್ಸಿಟ್ಟು ನೋಡಿದ್ದು ಸಾಮಾನ್ಯರನ್ನು, ಅದರಲ್ಲೂ ಮಕ್ಕಳನ್ನು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಸಂಗ್ರಹ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯದಲ್ಲಿದೆ. ಸತ್ಯನ್ ಅವರಷ್ಟು ಅದೃಷ್ಟ ಊರೂರಿನ ಸ್ಟುಡಿಯೊಗಳಿಗೆ ಇಲ್ಲ. ಡಿಜಿಟಲ್ ಬಂದ ಮೇಲೆ ಒಂದೊಂದಾಗಿ ಬಾಗಿಲು ಹಾಕಿದ ಸ್ಟುಡಿಯೊಗಳ ನೆಗೆಟಿವ್ ಡಬ್ಬಿಗಳು ಅಟ್ಟ ಸೇರಿದವು, ಗುಜರಿ ಸೇರಿದವು. ಹಳೆಯ ಫಿಲ್ಮಿನಿಂದ ಬೆಳ್ಳಿ ತೆಗೆಯುವ ವ್ಯಾಪಾರವೂ ನಮ್ಮಲ್ಲಿದೆ. ಜಾತ್ರೆ, ಮೆರವಣಿಗೆ, ಸಂತೆ, ಚುನಾವಣೆಯ ಸಭೆ ಎಂದು ಒಂದೊಂದು ಊರಿನ ಅರ್ಧ ಶತಮಾನ ಅಲ್ಲಿ ಕರಗಿಹೋಗುತ್ತಿದೆ. ಕಲ್ಕತ್ತದ ಪ್ರಸಿದ್ಧ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೊಗೆ 1991ರಲ್ಲಿ ಬೆಂಕಿ ಬಿದ್ದು ಅಪಾರ ಸಂಗ್ರಹ ಸುಟ್ಟುಹೋಯಿತು. ಅದು ದೊಡ್ಡ ಹೆಸರಾದ್ದರಿಂದ ಸುದ್ದಿಯಾಯಿತು, ಸಣ್ಣ ಊರಿನ ನಷ್ಟಕ್ಕೆ ಸುದ್ದಿಯ ಭಾಗ್ಯವೂ ಇಲ್ಲ.

ಹಾಗಾಗಿ ನಮ್ಮಲ್ಲಿ ಈ ಹವ್ಯಾಸಕ್ಕೆ ಇಳಿಯುವವರಿಗೆ ನನ್ನ ವಿನಂತಿ ಕೆಲವು ನಿರ್ದಿಷ್ಟ ಕೆಲಸಗಳದ್ದು. ದೂರದ ಹರಾಜಿನಲ್ಲಿ ಹೆಸರಾಂತರ ಒಂದು ಪ್ರಿಂಟಿಗೆ ಹಣ ಹಾಕುವ ಮೊದಲು ನಿಮ್ಮ ಊರಿನ ಮುಚ್ಚಿದ ಸ್ಟುಡಿಯೊದ ಮನೆಯವರನ್ನು ಮಾತಾಡಿಸಿ. ಸಿಕ್ಕರೆ ಡಬ್ಬಿಯನ್ನು ಇಡಿಯಾಗಿ ಕೊಳ್ಳಿ, ಆರಿಸಿ ಕೊಳ್ಳಬೇಡಿ. ಡಬ್ಬಿಯ ಮೇಲಿನ ಬರಹ, ಬಿಲ್ಲು ಪುಸ್ತಕ, ನೆಗೆಟಿವ್ ಕವರುಗಳನ್ನು ಎಸೆಯಬೇಡಿ. ಚಿತ್ರದ ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿ. ಹೊಸದಾಗಿ ತಿಳಿದದ್ದನ್ನು ಮೃದು ಪೆನ್ಸಿಲ್ಲಿನಲ್ಲಿ ಹಿಂಬದಿಯ ಅಂಚಿನಲ್ಲಿ ಬರೆಯಿರಿ, ಬಾಲ್ ಪೆನ್ ಒತ್ತಿದರೆ ಮುಂಬದಿಗೆ ಗೀರು ಮೂಡುತ್ತದೆ. ಅಂಟಿನ ಪುಟಗಳ ಆಲ್ಬಂ, ಸೆಲೊಟೇಪು, ರಬ್ಬರ್ ಬ್ಯಾಂಡುಗಳಿಂದ ದೂರವಿಡಿ. ಕರಾವಳಿ, ಮಲೆನಾಡುಗಳ ತೇವದಲ್ಲಿ ಬೂಷ್ಟು ಹಿಡಿಯುವುದು ಬೇಗ, ಗಾಳಿಯಾಡುವ ಒಣ ಜಾಗದಲ್ಲಿ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿಡಿ. ಫಿಲ್ಮಿನಿಂದ ವಿನಿಗರ್ ವಾಸನೆ ಬರುತ್ತಿದ್ದರೆ ಅದು ಕೊಳೆಯಲು ಶುರುವಾಗಿದೆ, ಬೇರೆಯದರಿಂದ ಬೇರ್ಪಡಿಸಿ ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ. ಊರಿನ ಹಿರಿಯರಿಗೆ ಚಿತ್ರ ತೋರಿಸಿ ಹೆಸರು, ಜಾಗ ಕೇಳಿ ಬರೆದುಕೊಳ್ಳುವುದನ್ನು ನಾಳೆಗೆ ಬಿಡಬೇಡಿ, ಆ ನೆನಪು ನೆಗೆಟಿವಿಗಿಂತ ಬೇಗ ಹೋಗುತ್ತದೆ.

ಹಕ್ಕಿನ ಮಾತನ್ನೂ ಮರೆಯುವಂತಿಲ್ಲ. ಪ್ರಿಂಟು ಕೊಂಡವರಿಗೆ ಕಾಗದದ ಒಡೆತನ ಬರುತ್ತದೆಯೇ ಹೊರತು ಅದನ್ನು ಪುಸ್ತಕವಾಗಿ, ಕ್ಯಾಲೆಂಡರಾಗಿ ಮಾರುವ ಹಕ್ಕು ತಾನಾಗಿ ಬರುವುದಿಲ್ಲ. 2012ರ ತಿದ್ದುಪಡಿಯ ನಂತರ ಭಾರತದಲ್ಲಿ ಛಾಯಾಚಿತ್ರಕ್ಕೂ ತೆಗೆದವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷಗಳ ರಕ್ಷಣೆ ಇದೆ. ಕಾನೂನು ಮುಟ್ಟದ ಇನ್ನೊಂದು ಹಕ್ಕೂ ಇದೆ, ಅದು ಚಿತ್ರದಲ್ಲಿರುವವರದು. ಬೀದಿಯಲ್ಲಿ ನಡೆದುಹೋಗುತ್ತಿದ್ದ ಹಮಾಲಿಯನ್ನು ಯಾರೂ ಒಪ್ಪಿಗೆ ಕೇಳಲಿಲ್ಲ, ಕೇಳುವ ಕಾಲವೂ ಮೀರಿತು. ಅವರಿಗೆ ನಾವು ಕೊಡಬಹುದಾದ ಮರ್ಯಾದೆ ಒಂದೇ. ಅವರನ್ನು ‘ಹಳೆಯ ಕಾಲದ ಸೊಗಸು’ ಎಂಬ ಹಣೆಪಟ್ಟಿಯಡಿ ಸೇರಿಸದೆ, ಇಂಥ ಊರಿನ ಇಂಥ ಬೀದಿಯಲ್ಲಿ ಇಂಥ ಕೆಲಸ ಮಾಡುತ್ತಿದ್ದವರು ಎಂದು ತಿಳಿದಷ್ಟನ್ನು ನಿಖರವಾಗಿ ಬರೆದಿಡುವುದು.

ಒಂದು ಸಂಗ್ರಹದ ಯೋಗ್ಯತೆಯನ್ನು ಅದರ ಹರಾಜಿನ ಬೆಲೆಯಿಂದ ಅಳೆಯುವ ಬದಲು, ಒಡೆಯರಲ್ಲದವರು ಅದರಿಂದ ಎಷ್ಟು ಪ್ರಶ್ನೆಗಳಿಗೆ ಉತ್ತರ ಪಡೆಯಬಹುದು ಎಂಬುದರಿಂದ ಅಳೆಯೋಣ. ಆ ಅಳತೆಯಲ್ಲಿ ಜಿಲ್ಲಾ ಕೇಂದ್ರವೊಂದರ ಮುಚ್ಚಿದ ಸ್ಟುಡಿಯೊದ ಇನ್ನೂರು ನೆಗೆಟಿವ್‌ಗಳನ್ನು ಹೆಸರು, ಇಸವಿ ಸಹಿತ ಜೋಡಿಸಿ ಸ್ಥಳೀಯ ಕಾಲೇಜಿನ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಟ್ಟ ಶಿಕ್ಷಕರೊಬ್ಬರು, ವಿವರವಿಲ್ಲದ ನೂರು ದುಬಾರಿ ಪ್ರಿಂಟುಗಳ ಒಡೆಯರಿಗಿಂತ ದೊಡ್ಡ ಸಂಗ್ರಹಕಾರರು. ಅಂಥವರು ಪ್ರತಿ ತಾಲ್ಲೂಕಿಗೊಬ್ಬರು ಸಿಕ್ಕರೂ ಸಾಕು, ನಮ್ಮ ಊರುಗಳು ತಮ್ಮ ನಿನ್ನೆಯ ಬಗ್ಗೆ ಊಹೆ ಮಾಡುವುದನ್ನು ಬಿಟ್ಟು ಆಧಾರ ಹಿಡಿದು ಮಾತಾಡಬಹುದು.